ಮೂರು ನಿಮಿಷಕ್ಕೆ ಮುಗಿಯದ ಹಾಡು

ಹೊಳೆನರಸೀಪುರದ ಯೋಗಾನರಸಿಂಹಂ ಎಂದರೆ ಕರ್ನಾಟಕ ಸಂಗೀತದ ಒಡನಾಟವಿರುವ ಹಿರಿಯರಿಗೆ ಗೊತ್ತು. ಒಳ್ಳೆಯ ವಾಗ್ಗೇಯಕಾರರು. ಅವರ ಮಕ್ಕಳು ಊರು ಬಿಟ್ಟು ದೂರ ಹೋಗಿ ಹೆಸರು ಮಾಡಿದರು. ಎಚ್.ವೈ. ಶಾರದಾ ಪ್ರಸಾದ್ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾದರು. ನಾರಾಯಣ ದತ್ತ ಅವರು ಅಚ್ಚ ಕನ್ನಡಿಗರಾಗಿದ್ದೂ ‘ನವನೀತ’ ಎಂಬ ಹಿಂದಿ ಮಾಸಿಕದ ಸಂಪಾದಕರಾಗಿ ಹಿಂದಿಯವರಿಂದಲೇ ಸೈ ಎನಿಸಿಕೊಂಡರು. ಎಚ್.ವೈ. ಮೋಹನ್ ರಾಮ್ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಈ ಮೋಹನ್ ರಾಮ್ ಅವರ ಮಗ ರಾಹುಲ್ ರಾಮ್. ಉದ್ದ ಕೂದಲು, ಗಡ್ಡ, ಕುರ್ತಾ, ಕೈಯಲ್ಲಿ ಬಾಸ್ ಗಿಟಾರ್. ‘ಇಂಡಿಯನ್ ಓಷನ್’ ಎಂಬ ದೆಹಲಿಯ ರಾಕ್ ತಂಡವನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವ ಮನುಷ್ಯ ಅವರೇ.

ತಾತನ ಕೃತಿಗಳಿಗೂ ಮೊಮ್ಮಗನ ಗಿಟಾರಿಗೂ ಗಂಟು ಹಾಕಲು ನಾನು ಹೊರಟಿಲ್ಲ. ಈ ತಂಡದ ಮೂವತ್ತು ಚಿಲ್ಲರೆ ವರ್ಷಗಳ ಬದುಕು ಕನ್ನಡದ ಓದುಗರಿಗೆ ತೀರಾ ಹೊರಗಿನವರ ಕಥೆಯೇನಲ್ಲ ಎನ್ನುವುದಕ್ಕಷ್ಟೇ ಇದನ್ನು ಹೇಳಿದೆ. ಹಿಂದಿಯಲ್ಲಿ ರಾಕ್ ಸಂಗೀತ ನಿಲ್ಲುತ್ತದೆಯೇ, ಸಿನಿಮಾದ ಬಾಗಿಲು ತಟ್ಟದೆ ಅದಕ್ಕೆ ಅನ್ನ ಹುಟ್ಟುತ್ತದೆಯೇ ಎಂಬ ಪ್ರಶ್ನೆಗಳಿಗೆ ಅವರು ಹಾಡಿಯೇ ಉತ್ತರ ಕೊಟ್ಟರು. ಆ ಉತ್ತರ ಪೂರ್ತಿ ‘ಹೌದು’ ಅಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಪ್ರೋಗ್ರೆಸಿವ್ ರಾಕ್ ಅಂದರೆ ಏನು ಎನ್ನುವುದನ್ನು ನೋಡೋಣ. ಗ್ರಾಮಫೋನಿನ ಹಳೆಯ 78 ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷದ ಆಸುಪಾಸಿನ ಹಾಡು ಹಿಡಿಯುತ್ತಿತ್ತು. ಸಿನಿಮಾ ಹಾಡಿನಿಂದ ಹಿಡಿದು ಪಾಪ್ ಹಾಡಿನವರೆಗೆ ಜಗತ್ತಿನ ಅರ್ಧ ಸಂಗೀತದ ಉದ್ದವನ್ನು ನಿರ್ಧರಿಸಿದ್ದು ಆ ತಟ್ಟೆಯೇ ಹೊರತು ಯಾವ ಸಂಗೀತಶಾಸ್ತ್ರವೂ ಅಲ್ಲ. ಎಲ್‌ಪಿ ತಟ್ಟೆ ಬಂದ ಮೇಲೂ ರೇಡಿಯೋದವರು ಅದೇ ಅಳತೆಯನ್ನು ಬಿಡಲಿಲ್ಲ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಹುಡುಗರಿಗೆ ಈ ಕಟ್ಟುಪಾಡು ಬೇಸರವಾಯಿತು. 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ ಬಂತು. ಯೆಸ್, ಜೆನೆಸಿಸ್, ಜೆತ್ರೋ ಟಲ್, ಪಿಂಕ್ ಫ್ಲಾಯ್ಡ್ ಅದೇ ದಾರಿ ಹಿಡಿದವು. ಪಿಂಕ್ ಫ್ಲಾಯ್ಡ್‌ನವರು 1971ರಲ್ಲಿ ಎಲ್‌ಪಿಯ ಒಂದಿಡೀ ಮಗ್ಗುಲಿಗೆ ಒಂದೇ ಹಾಡು ಇಟ್ಟರೆ, ಮರುವರ್ಷ ಜೆತ್ರೋ ಟಲ್ ಎರಡೂ ಮಗ್ಗುಲು ಸೇರಿಸಿ ಒಂದೇ ಹಾಡು ಮಾಡಿತು. ರಾಕ್ ಸಂಗೀತ ಸಾಮಾನ್ಯವಾಗಿ ನಾಲ್ಕರ ಎಣಿಕೆಯದು, ನಮ್ಮ ಆದಿತಾಳದ ಹಾಗೆ. ಇವರು ಐದಕ್ಕೆ, ಏಳಕ್ಕೆ ಹೋದರು. ಪಿಂಕ್ ಫ್ಲಾಯ್ಡ್‌ನ ‘ಮನಿ’ ಏಳರಲ್ಲಿ ನಡೆಯುತ್ತದೆ, ಜೆತ್ರೋ ಟಲ್‌ನ ‘ಲಿವಿಂಗ್ ಇನ್ ದ ಪಾಸ್ಟ್’ ಐದರಲ್ಲಿ. ಮಿಶ್ರಚಾಪು, ಖಂಡಚಾಪು ಕೈಯಲ್ಲಿ ಹಾಕಿ ಬೆಳೆದವರಿಗೆ ಇದರಲ್ಲಿ ದೊಡ್ಡ ಬೆರಗೇನಿಲ್ಲ. ಆದರೆ ಲಂಡನ್ನಿನಲ್ಲಿ ಇದು ಸಾಹಸವೇ. ಸಿನಿಮಾ ಹಾಡಿಗೂ ರಾಗ–ತಾನ–ಪಲ್ಲವಿಗೂ ಇರುವ ವ್ಯತ್ಯಾಸ ಎಂದರೆ ನಮ್ಮವರಿಗೆ ಥಟ್ಟನೆ ಹೊಳೆದೀತು: ಒಂದು ಮುಗಿಸುವ ಅವಸರದಲ್ಲಿರುತ್ತದೆ, ಇನ್ನೊಂದು ಬೆಳೆಸುವ ಹುಕಿಯಲ್ಲಿ.

ಈ ಸಂಗೀತ ನಮ್ಮ ದೇಶಕ್ಕೆ ಬಂದದ್ದು ಕಾಲೇಜು ಹಾಸ್ಟೆಲುಗಳ ಮೂಲಕ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಮುಂಬೈ, ದೆಹಲಿ, ಬೆಂಗಳೂರು, ಕೋಲ್ಕತ್ತ, ಶಿಲ್ಲಾಂಗ್‌ಗಳಲ್ಲಿ ರಾಕ್ ತಂಡಗಳು ಬೇಕಾದಷ್ಟಿದ್ದವು. ಹಾಡುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷ್ ತಂಡಗಳ ಹಾಡನ್ನೇ. ಸ್ವಂತದ್ದು ಬರೆದರೂ ಅದು ಇಂಗ್ಲಿಷಿನಲ್ಲೇ. ಹಿಂದಿ ಎಂದರೆ ಸಿನಿಮಾದ ಸ್ವತ್ತು, ರಾಕ್ ಎಂದರೆ ಇಂಗ್ಲಿಷ್ ಓದಿದವರ ಸ್ವತ್ತು. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಂಡರೆ ಮೂಗು ಮುರಿಯುತ್ತಿದ್ದರು. ವೇದಿಕೆಯ ಮೇಲೆ ಹಿಂದಿಯಲ್ಲಿ ಬಾಯಿ ತೆರೆದರೆ ಮುಂದಿನ ಸಾಲಿನವರು ಎದ್ದು ಹೋಗುತ್ತಾರೆಂಬ ಹೆದರಿಕೆ ತಂಡಗಳಿಗಿತ್ತು.

ಅಂಥ ಹೊತ್ತಿನಲ್ಲಿ ದೆಹಲಿಯ ಇಬ್ಬರು ಬಂಗಾಳಿಗಳು, ಗಿಟಾರ್ ನುಡಿಸುವ ಸುಸ್ಮಿತ್ ಸೇನ್ ಮತ್ತು ತಬಲಾ ನುಡಿಸುತ್ತ ಹಾಡುವ ಅಸೀಮ್ ಚಕ್ರವರ್ತಿ, ಒಟ್ಟಿಗೆ ಕೂತು ಏನೋ ಕಟ್ಟುತ್ತಿದ್ದರು. 1990ರಲ್ಲಿ ಅದಕ್ಕೆ ‘ಇಂಡಿಯನ್ ಓಷನ್’ ಎಂಬ ಹೆಸರು ಬಂತು. ಸೂಚಿಸಿದವರು ಸುಸ್ಮಿತ್ ಅವರ ತಂದೆ. ಮರುವರ್ಷ ರಾಹುಲ್ ರಾಮ್ ಸೇರಿಕೊಂಡರು. ಐಐಟಿ ಕಾನ್ಪುರದಲ್ಲಿ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ಬಂದವರು ಪ್ರಯೋಗಾಲಯ ಸೇರುವ ಬದಲು ನರ್ಮದಾ ಬಚಾವೋ ಆಂದೋಲನಕ್ಕೆ ಹೋದರು. ಕಣಿವೆಯ ಹಳ್ಳಿಗಳಲ್ಲಿ ತಿರುಗಿದರು, ಜೈಲಿಗೂ ಹೋಗಿ ಬಂದರು. 1994ರಲ್ಲಿ ಡ್ರಮ್ಸ್ ನುಡಿಸುವ ಅಮಿತ್ ಕಿಲಮ್ ಬಂದ ಮೇಲೆ ನಾಲ್ವರ ತಂಡ ನಿಂತಿತು. ಮುಂದಿನ ಹದಿನೈದು ವರ್ಷ ಆ ನಾಲ್ವರು ಬದಲಾಗಲಿಲ್ಲ. ರಾಕ್ ತಂಡಗಳ ಮಟ್ಟಿಗೆ ಇದು ಅಪರೂಪ. ಅದರ ಫಲ ಅವರ ನುಡಿಸಾಣಿಕೆಯಲ್ಲಿ ಕಾಣುತ್ತದೆ.

ಇಲ್ಲಿ ಸ್ವಲ್ಪ ಕಸುಬಿನ ಮಾತು. ತಬಲಾ ಮತ್ತು ಡ್ರಮ್ಸ್ ಒಟ್ಟಿಗೆ ಇರುವುದು ಸುಲಭವಲ್ಲ. ಡ್ರಮ್ಸ್‌ನ ಅಬ್ಬರದಲ್ಲಿ ತಬಲಾ ಮುಳುಗಿ ಹೋಗುತ್ತದೆ ಎನ್ನುವುದು ಒಂದು ತೊಡಕು. ಅದನ್ನು ಮೈಕಿನವರು ಹೇಗೋ ಸರಿಪಡಿಸಬಹುದು. ಇನ್ನೊಂದು ತೊಡಕು ಹೆಚ್ಚು ಆಳದ್ದು. ತಬಲಾದ ಬಲಗೈಯ ಮುಖವನ್ನು ಒಂದು ಶ್ರುತಿಗೆ ಕೂಡಿಸಿರುತ್ತಾರೆ. ಪಾಶ್ಚಾತ್ಯ ರಾಕ್ ಹಾಡು ಒಂದು ಕಾರ್ಡ್‌ನಿಂದ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಿಂದ) ಇನ್ನೊಂದು ಕಾರ್ಡ್‌ಗೆ ಜಿಗಿಯುತ್ತ, ಕೆಲವೊಮ್ಮೆ ಷಡ್ಜವನ್ನೇ ಬದಲಿಸುತ್ತ ಮುಂದೆ ಹೋಗುತ್ತದೆ. ಅದರ ಜೊತೆಗೆ ತಬಲಾ ಇಟ್ಟರೆ ಅರ್ಧ ಹಾಡಿನಲ್ಲಿ ಅದು ಅಪಶ್ರುತಿ. ಹಾಗಾಗಿ ಎಷ್ಟೋ ‘ಫ್ಯೂಷನ್’ ತಂಡಗಳಲ್ಲಿ ತಬಲಾ ಶೋಕಿಗೆ ಇರುತ್ತದೆ, ಹಾಡಿನ ನಡುವೆ ಎರಡು ನಿಮಿಷದ ಸವಾಲ್–ಜವಾಬ್ ನುಡಿಸಿ ಸುಮ್ಮನಾಗುತ್ತದೆ. ಇಂಡಿಯನ್ ಓಷನ್ ಮಾಡಿದ್ದು ಬೇರೆ. ತಬಲಾದಿಂದಲೇ ಹೊರಟು, ರಾಕ್ ಅನ್ನು ಅದಕ್ಕೆ ಹೊಂದಿಸಿಕೊಂಡರು. ಷಡ್ಜ ಅಲುಗುವುದಿಲ್ಲ. ಕಾರ್ಡ್‌ಗಳ ಜಿಗಿದಾಟ ಕಡಿಮೆ. ಸುಸ್ಮಿತ್ ಅವರ ಗಿಟಾರ್ ಕಾರ್ಡ್ ಹಿಡಿದು ಬಡಿಯುವುದಕ್ಕಿಂತ ರಾಗದ ಎಳೆ ಹಿಡಿದು ಬಿಡಿ ಸ್ವರಗಳಲ್ಲಿ ಹರಿಯುತ್ತದೆ. ಬೆಳವಣಿಗೆ ಬರುವುದು ಲಯದಿಂದ, ಪದರ ಪದರವಾಗಿ ಸೇರುವ ವಾದ್ಯಗಳಿಂದ, ನಿಧಾನಕ್ಕೆ ಏರುವ ದನಿಯಿಂದ.

ಅಂಗಡಿಯವರು ಇದನ್ನು ಫ್ಯೂಷನ್ ಸಾಲಿನಲ್ಲಿ ಇಡುತ್ತಿದ್ದರು. ನನ್ನ ಪ್ರಕಾರ ಪ್ರೋಗ್ರೆಸಿವ್ ರಾಕ್ ಎಂಬ ಹೆಸರಿಗೆ ನಮ್ಮ ನೆಲದಲ್ಲಿ ಇದಕ್ಕಿಂತ ನ್ಯಾಯವಾದ ವಾರಸುದಾರರು ಸಿಗುವುದಿಲ್ಲ. ಇಂಗ್ಲೆಂಡಿನವರು ಉದ್ದ ಹಾಡಿಗೆ ಆಧಾರ ಹುಡುಕಿಕೊಂಡು ತಮ್ಮ ಚರ್ಚು ಮತ್ತು ಸಿಂಫೊನಿಗೆ ಹೋದರು. ಇವರು ತಮ್ಮ ಮನೆಯ ಅಟ್ಟಕ್ಕೇ ಹೋದರು.

ಮೊದಲ ಆಲ್ಬಂ 1993ರಲ್ಲಿ ಎಚ್‌ಎಂವಿಯಿಂದ ಬಂತು. ಎರಡನೆಯದು ‘ಡೆಸರ್ಟ್ ರೇನ್’, 1997ರದು. ಅದರ ಹುಟ್ಟನ್ನು ಹೇಳಲೇಬೇಕು. ಬೀದಿ ನಾಟಕದ ಸಫ್ದರ್ ಹಾಶ್ಮಿ ಅವರ ಮೇಲೆ 1989ರ ಜನವರಿ 1ರಂದು ಸಾಹಿಬಾಬಾದಿನ ಬಳಿ ನಾಟಕ ಆಡುತ್ತಿದ್ದಾಗ ಹಲ್ಲೆಯಾಯಿತು, ಮರುದಿನ ಅವರು ತೀರಿಕೊಂಡರು. ಅವರ ನೆನಪಿನಲ್ಲಿ ಹುಟ್ಟಿದ ‘ಸಹಮತ್’ ಸಂಸ್ಥೆ ಪ್ರತಿ ಹೊಸ ವರ್ಷದ ದಿನ ದೆಹಲಿಯಲ್ಲಿ ಕಲಾವಿದರನ್ನು ಸೇರಿಸುತ್ತದೆ. 1997ರ ಜನವರಿ 1ರಂದು ಅಲ್ಲಿ ನುಡಿಸಿದ ಕಾರ್ಯಕ್ರಮದ ಧ್ವನಿಮುದ್ರಣವೇ ಆ ಆಲ್ಬಂ. ಸ್ಟುಡಿಯೋ ಇಲ್ಲ, ತಿದ್ದುಪಡಿ ಇಲ್ಲ. ಚಳಿಗಾಲದ ದೆಹಲಿಯಲ್ಲಿ ನುಡಿಸಿದ್ದು ನುಡಿಸಿದ ಹಾಗೆ. ಈ ತಂಡ ಸ್ಟುಡಿಯೋಕ್ಕಿಂತ ವೇದಿಕೆಯಲ್ಲಿ ಹೆಚ್ಚು ಜೀವಂತ ಎನ್ನುವುದು ಅವತ್ತೇ ಸಾಬೀತಾಗಿತ್ತು.

ತಂಡದ ಹೆಸರನ್ನು ದೇಶದ ಉದ್ದಗಲಕ್ಕೂ ಹಬ್ಬಿಸಿದ್ದು 2000ದ ‘ಕಂದಿಸಾ’. ಏಳು ಹಾಡುಗಳ ಈ ಆಲ್ಬಮ್ಮನ್ನು ಟೈಮ್ಸ್ ಮ್ಯೂಸಿಕ್ ಹೊರತಂದಿತು. ನನ್ನನ್ನು ಕೇಳಿದರೆ ತಂಡದ ಅತ್ಯುತ್ತಮ ಕೆಲಸ ಇದೇ, ಮುಂದೆ ಇವರೂ ಇದನ್ನು ಮೀರಲಿಲ್ಲ. ‘ಮಾ ರೇವಾ’ ನರ್ಮದೆಯ ಹಾಡು, ರಾಹುಲ್ ಕಣಿವೆಯಿಂದ ಹೊತ್ತು ತಂದದ್ದು. ‘ಹಿಲ್ಲೆ ರೇ’ ಭೋಜಪುರಿಯದು, ಕ್ರಾಂತಿಕಾರಿ ಕವಿ ಗೋರಖ್ ಪಾಂಡೆ ಅವರದು. ‘ಲೀವಿಂಗ್ ಹೋಮ್’ನಲ್ಲಿ ಮಾತೇ ಇಲ್ಲ, ಗಿಟಾರೇ ಎಲ್ಲವನ್ನೂ ಹೇಳುತ್ತದೆ. ಇನ್ನು ಶೀರ್ಷಿಕೆಯ ಹಾಡು ಹಿಂದಿಯೂ ಅಲ್ಲ: ಕೇರಳದ ಸಿರಿಯನ್ ಕ್ರೈಸ್ತರ ಅರಾಮಿಕ್ ಭಾಷೆಯ ಪ್ರಾರ್ಥನೆ.

ಆ ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆರಂಭ ಮೆಲ್ಲಗೆ, ಅವಸರವೇ ಇಲ್ಲ. ದನಿ ಬರುವಾಗಲೂ ಏರಿಳಿತ ಕಡಿಮೆ. ದೇವಸ್ಥಾನದಲ್ಲಿ ಮಂತ್ರ ಹೇಳುವವರ ಹಾಗೆ ಒಂದೇ ಸಾಲು ಮತ್ತೆ ಮತ್ತೆ. ಕೇಳುಗನಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ, ಅರ್ಥವಾಗಬೇಕು ಎಂದೂ ಅನ್ನಿಸುವುದಿಲ್ಲ. ಸಾಲು ಮರಳಿ ಬರುವಾಗಲೆಲ್ಲ ಒಂದು ದನಿಗೆ ಇನ್ನೊಂದು ದನಿ ಸೇರುತ್ತದೆ, ತಬಲಾ ಕೆಳಗಿನಿಂದ ನೂಕುತ್ತದೆ, ಡ್ರಮ್ಸ್ ಬಂದು ಸೇರಿಕೊಳ್ಳುತ್ತದೆ. ಕೊನೆಗೆ ಎಲ್ಲರೂ ಪೂರ್ತಿ ಎದೆಯಿಂದ ಹಾಡುವಾಗ ಮೊದಲಿನ ಪಿಸುಮಾತೇ ಈ ಗರ್ಜನೆ ಆದದ್ದು ಎಲ್ಲಿ ಎಂದು ಹಿಂತಿರುಗಿ ನೋಡಿದರೆ ಸಂದು ಸಿಗುವುದಿಲ್ಲ. ಹಾಡಿನ ಉದ್ದಕ್ಕೆ ಸಮರ್ಥನೆ ಎಂದರೆ ಇದು. ಇದನ್ನೇ ಮೂರು ನಿಮಿಷಕ್ಕೆ ಇಳಿಸಿದ್ದರೆ ಉಳಿಯುತ್ತಿದ್ದದ್ದು ಗರ್ಜನೆ ಮಾತ್ರ.

ಅಸೀಮ್ ಅವರನ್ನು ವೇದಿಕೆಯ ಮೇಲೆ ನೋಡುವುದೇ ಒಂದು ಪಾಠವಾಗಿತ್ತು. ಚಕ್ಕಳಮಕ್ಕಳ ಹಾಕಿ ಕೂತು, ಎರಡೂ ಕೈ ತಬಲಾದ ಮೇಲೆ, ಬಾಯಿ ಮೈಕಿನ ಮುಂದೆ. ಹಾಡು ಒಂದು ಕಡೆ, ಪೆಟ್ಟು ಇನ್ನೊಂದು ಕಡೆ ಹೋಗುತ್ತಿದ್ದರೂ ಮುಖದಲ್ಲಿ ಎಣಿಕೆಯ ಸುಳಿವಿರುತ್ತಿರಲಿಲ್ಲ. ಅಮಿತ್ ಕಿಲಮ್ ಅವರ ಕೈಯಲ್ಲಿ ಡ್ರಮ್ಸ್ ಕಡ್ಡಿಯ ಜೊತೆಗೆ ಬಂಗಾಳದ ಬಾವುಲ್ ಹಾಡುಗಾರರ ಗಬ್‌ಗುಬಿಯೂ ಇರುತ್ತಿತ್ತು: ಕಂಕುಳಲ್ಲಿ ಸಿಕ್ಕಿಸಿಕೊಂಡು ಮೀಟುವ ತಂತಿವಾದ್ಯ.

2003ರ ‘ಝೀನಿ’ಯಲ್ಲಿ ಕಬೀರನಿಗೆ ಹೋದರು. ಅಷ್ಟು ಹೊತ್ತಿಗೆ ನಿರ್ದೇಶಕ ಅನುರಾಗ್ ಕಶ್ಯಪ್ ಬಂದರು. 1993ರ ಮುಂಬೈ ಸ್ಫೋಟಗಳ ಕುರಿತ ‘ಬ್ಲ್ಯಾಕ್ ಫ್ರೈಡೇ’ ಚಿತ್ರಕ್ಕೆ ಸಂಗೀತ ಬೇಕಾಗಿತ್ತು. ಪೀಯೂಷ್ ಮಿಶ್ರಾ ಸಾಹಿತ್ಯ ಬರೆದರು, ಇವರು ಹಾಡಿದರು. ಸ್ಫೋಟ ಪ್ರಕರಣದ ವಿಚಾರಣೆ ಇನ್ನೂ ಮುಗಿದಿಲ್ಲವೆಂದು ಬಾಂಬೆ ಹೈಕೋರ್ಟ್ ಚಿತ್ರವನ್ನು ತಡೆಹಿಡಿಯಿತು; ಅದು ತೆರೆ ಕಂಡದ್ದು 2007ರ ಫೆಬ್ರುವರಿಯಲ್ಲಿ. ಹಾಡುಗಳು ಮಾತ್ರ ಮೊದಲೇ ಹೊರಬಿದ್ದಿದ್ದವು. ಹೀಗೆ ಸಿನಿಮಾ ಪೆಟ್ಟಿಗೆಯಲ್ಲಿ ಇರುವಾಗಲೇ ಅದರ ‘ಬಂದೇ’ ಹಾಡು ಊರೂರು ತಿರುಗಿತು. ಸಿನಿಮಾ ಹಾಡೊಂದು ಸಿನಿಮಾ ಇಲ್ಲದೆಯೇ ಗೆದ್ದದ್ದು ನಮ್ಮಲ್ಲಿ ಹೆಚ್ಚಾಗಿ ಕಂಡದ್ದಲ್ಲ. ಆದರೆ ಒಂದು ಕಹಿಯೂ ಇದರಲ್ಲಿದೆ. ಹದಿಮೂರು–ಹದಿನಾಲ್ಕು ವರ್ಷ ಸಿನಿಮಾದ ಹೊರಗೆ ದುಡಿದ ತಂಡವನ್ನು ಸಾಮಾನ್ಯ ಹಿಂದಿ ಕೇಳುಗ ಗುರುತಿಸಿದ್ದು ಕೊನೆಗೂ ಒಂದು ಸಿನಿಮಾ ಹಾಡಿನಿಂದಲೇ. ಮುಂದೆ 2010ರ ‘ಪೀಪ್ಲಿ ಲೈವ್’ನ ‘ದೇಸ್ ಮೇರಾ’ಕ್ಕೂ, 2015ರ ‘ಮಸಾನ್’ ಚಿತ್ರದ ಹಾಡುಗಳಿಗೂ ಇದೇ ಮಾತು ಒಪ್ಪುತ್ತದೆ. ‘ಮಸಾನ್’ನ ಆ ರೈಲು–ಸೇತುವೆಯ ಹಾಡು ಗುನುಗುವವರಲ್ಲಿ ಎಷ್ಟು ಮಂದಿಗೆ ಅದರ ಸಂಗೀತ ಯಾರದ್ದೆಂದು ಗೊತ್ತು? ಪಲ್ಲವಿ ದುಷ್ಯಂತ್ ಕುಮಾರರದು, ಮುಂದಿನ ಸಾಲುಗಳು ವರುಣ್ ಗ್ರೋವರ್ ಅವರದು, ಹಾಡಿದವರು ಸ್ವಾನಂದ್ ಕಿರ್ಕಿರೆ. ಮೂವರ ಹೆಸರೂ ಹೇಗೋ ಚಾಲ್ತಿಗೆ ಬಂತು. ತಂಡದ ಹೆಸರು ಅಡಿಟಿಪ್ಪಣಿಗೆ ಹೋಯಿತು.

ಖರ್ಚು–ಗಳಿಕೆಯ ಮಾತಿಗೆ ಬರೋಣ, ಏಕೆಂದರೆ ತಂಡವೊಂದು ಬದುಕುವುದು ಅದರಲ್ಲಿ. ನಮ್ಮ ಖಾಸಗಿ ಎಫ್‌ಎಂಗಳು ಬಹುಮಟ್ಟಿಗೆ ಸಿನಿಮಾ ಹಾಡನ್ನೇ ಹಾಕುತ್ತವೆ. ಕ್ಯಾಸೆಟ್, ಸಿಡಿ ಮಾರಾಟದಲ್ಲಿ ಕಂಪನಿ, ಸಗಟು ವ್ಯಾಪಾರಿ, ಅಂಗಡಿ ಎಲ್ಲರ ಪಾಲು ಕಳೆದು ಕಲಾವಿದನ ಕೈಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಗೀತರಚನಕಾರ, ಸಂಗೀತಗಾರರ ರಾಯಧನದ ಹಕ್ಕನ್ನು ಕಸಿಯದಂತೆ ಕಾನೂನು ಬಿಗಿಯಾದದ್ದೇ 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ಬರೆದುಕೊಟ್ಟದ್ದು ಕೊಟ್ಟ ಹಾಗೆಯೇ. ಸಿನಿಮಾದ ಹೊರಗಿನ ತಂಡಗಳಿಗೆ ಉಳಿದ ದಾರಿ ಒಂದೇ, ಕಾರ್ಯಕ್ರಮ. ಐಐಟಿಯ ಉತ್ಸವ, ಕಾಲೇಜು ಡೇ, ಕಂಪನಿಯ ವಾರ್ಷಿಕೋತ್ಸವ, ಹೊರದೇಶದ ಭಾರತೀಯರ ಸಂಘ. ವರ್ಷಗಟ್ಟಲೆ ಊರೂರು ಸುತ್ತಿ ಬದುಕುವ ಈ ದುಡಿಮೆ ಕಂಪನಿ ನಾಟಕದವರಿಗೆ ಚೆನ್ನಾಗಿ ಗೊತ್ತಿದ್ದದ್ದೇ.

ಈ ಲೆಕ್ಕ ಗೊತ್ತಿದ್ದವರಾದ್ದರಿಂದ 2010ರಲ್ಲಿ ಅವರು ಕಂಪನಿಯನ್ನೇ ಬಿಟ್ಟರು. ಹೊಸ ಆಲ್ಬಮ್ಮಿನ ಏಳು ಹಾಡುಗಳನ್ನು ತಿಂಗಳಿಗೊಂದರಂತೆ ಇಂಟರ್‌ನೆಟ್‌ನಲ್ಲಿ ಪುಕ್ಕಟೆಯಾಗಿ ಹಾಕಿದರು. ಹೆಸರು ‘16/330 ಖಜೂರ್ ರೋಡ್’. ಕರೋಲ್‌ಬಾಗ್‌ನಲ್ಲಿ ಅವರು ತಾಲೀಮು ನಡೆಸುತ್ತಿದ್ದ ಹಳೆಯ ಮನೆಯ ವಿಳಾಸ ಅದು. ಹಾಡು ಕೊಟ್ಟರೆ ಜನ ಕಾರ್ಯಕ್ರಮಕ್ಕೆ ಬರುತ್ತಾರೆ, ದುಡ್ಡು ಅಲ್ಲಿ ಹುಟ್ಟುತ್ತದೆ ಎನ್ನುವ ಸರಳ ಲೆಕ್ಕ. ಇವತ್ತು ಯೂಟ್ಯೂಬಿಗೆ ಹಾಡು ಹಾಕುವ ಪ್ರತಿಯೊಬ್ಬರೂ ಮಾಡುತ್ತಿರುವುದು ಇದನ್ನೇ. ಆಗ ಅದು ಹುಚ್ಚಾಟದಂತೆ ಕಂಡಿತ್ತು.

ಆದರೆ ಆ ಆಲ್ಬಂ ಹೊರಬರುವಷ್ಟರಲ್ಲಿ ಅಸೀಮ್ ಇರಲಿಲ್ಲ. ದೋಹಾ ಪ್ರವಾಸದಲ್ಲಿ ಹೃದಯಾಘಾತವಾಗಿ, 2009ರ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರ ದನಿ ಮೊದಲೇ ಮುದ್ರಣವಾಗಿತ್ತು. ಮರುವರ್ಷ ತಂಡದ ಕುರಿತ ಜೈದೀಪ್ ವರ್ಮಾ ಅವರ ಸಾಕ್ಷ್ಯಚಿತ್ರ ‘ಲೀವಿಂಗ್ ಹೋಮ್’ ಚಿತ್ರಮಂದಿರಗಳಲ್ಲೇ ಬಿಡುಗಡೆಯಾಗಿ, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ನಾಲ್ವರ ತಂಡವನ್ನು ನೋಡಬೇಕೆನ್ನುವವರಿಗೆ ಈಗ ಉಳಿದಿರುವುದು ಅದೇ.

ಅಸೀಮ್ ಅವರ ಜಾಗಕ್ಕೆ ಇಬ್ಬರು ಬೇಕಾದರು: ತಬಲಾಕ್ಕೆ ತುಹಿನ್ ಚಕ್ರವರ್ತಿ, ಹಾಡಲು ಹಿಮಾಂಶು ಜೋಶಿ. 2013ರಲ್ಲಿ ಸುಸ್ಮಿತ್ ಸೇನ್ ಕೂಡ ತಂಡ ಬಿಟ್ಟರು, ಗಿಟಾರಿಗೆ ನಿಖಿಲ್ ರಾವ್ ಬಂದರು. ಸ್ಥಾಪಿಸಿದ ಇಬ್ಬರೂ ಇಲ್ಲದ ಮೇಲೆ ಅದೇ ಹೆಸರಿನಲ್ಲಿ ಮುಂದುವರಿಯುವುದು ಸರಿಯೇ ಎಂದು ಅಭಿಮಾನಿಗಳು ಜಗಳವಾಡಿದರು. ಯಕ್ಷಗಾನ ಮೇಳ ಭಾಗವತರು ಬದಲಾದರೂ ನಡೆಯುವುದನ್ನು ಕಂಡ ನಮಗೆ ಅದು ಅಷ್ಟು ದೊಡ್ಡ ತಕರಾರು ಅನ್ನಿಸಬೇಕಿಲ್ಲ. 2014ರಲ್ಲಿ ‘ತಂದಾನು’ ಬಂತು. ಹೆಸರು ಕೇಳಿದರೆ ನಮ್ಮ ಜನಪದ ಹಾಡುಗಳ ಸೊಲ್ಲು ನೆನಪಾಗುತ್ತದೆ. ಶುಭಾ ಮುದ್ಗಲ್, ಶಂಕರ್ ಮಹಾದೇವನ್, ವಿಶ್ವಮೋಹನ್ ಭಟ್, ಕುಮರೇಶ್, ಸೆಲ್ವಗಣೇಶ್‌ರಂಥ ಘಟಾನುಘಟಿಗಳು ಅತಿಥಿಗಳಾಗಿ ಬಂದರು. ಚೆನ್ನಾಗಿದೆ, ಆದರೆ ಅತಿಥಿಗಳು ಹೆಚ್ಚಾದಾಗ ಮನೆಯವರು ಮೂಲೆಗೆ ಸರಿಯುವ ತೊಂದರೆ ಅದರಲ್ಲಿದೆ. ಮುಂದಿನ ಆಲ್ಬಂ ‘ತು ಹೈ’ ಬಂದದ್ದು 2023ರಲ್ಲಿ. ನಡುವೆ ರಾಹುಲ್ ರಾಮ್ ಅವರು ವರುಣ್ ಗ್ರೋವರ್, ಸಂಜಯ್ ರಾಜೌರಾ ಜೊತೆ ‘ಐಸಿ ತೈಸಿ ಡೆಮಾಕ್ರಸಿ’ ಎಂಬ ವಿಡಂಬನೆಯ ಕಾರ್ಯಕ್ರಮದಲ್ಲೂ ಕಾಣಿಸಿಕೊಂಡರು. ಅವರನ್ನು ಅದರಿಂದಲೇ ಬಲ್ಲ ಹೊಸ ಹುಡುಗರೂ ಇದ್ದಾರೆ.

ಇವರ ಬೆನ್ನಿಗೆ ಬಂದವರು ಹಿಂದಿಗಾಗಿ ಕ್ಷಮೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಮುಂಬೈಯ ‘ಕೋಶಿಶ್’ ತಂಡ ನೇರವಾಗಿ ಪ್ರೋಗ್ರೆಸಿವ್ ರಾಕ್ ಎಂದೇ ಹೇಳಿಕೊಂಡು, 2013ರಲ್ಲಿ ‘ಫಿರ್ದೌಸ್’ ಎಂಬ, ಒಂದೇ ಕಥೆಯ ಸುತ್ತ ಹೆಣೆದ ಹಿಂದಿ ಆಲ್ಬಂ ತಂದಿತು. ಅವರದ್ದು ಗಿಟಾರಿನ ಭಾರ ಹೆಚ್ಚು, ಜಾನಪದದ ಗಂಧ ಕಡಿಮೆ. ಬೆಂಗಳೂರಿನ ‘ಸ್ವರಾತ್ಮ’ ಹಿಂದಿಯನ್ನೂ ಕನ್ನಡವನ್ನೂ ಒಂದೇ ವೇದಿಕೆಯಲ್ಲಿ ಹಾಡಿತು. ರಘು ದೀಕ್ಷಿತ್ 2008ರ ಮೊದಲ ಆಲ್ಬಮ್ಮಿನಲ್ಲಿ ಹಿಂದಿ ಹಾಡುಗಳ ಪಕ್ಕದಲ್ಲೇ ಶಿಶುನಾಳ ಷರೀಫರನ್ನು ಕೂರಿಸಿದರು. ‘ಅಗಮ್’ನವರು ಕರ್ನಾಟಕ ಸಂಗೀತದ ಕೃತಿಗಳನ್ನೇ ರಾಕ್‌ಗೆ ತಂದರು. ಇವರೆಲ್ಲರೂ ಇಂಡಿಯನ್ ಓಷನ್‌ನ ಶಿಷ್ಯರು ಎಂದರೆ ಅನ್ಯಾಯವಾದೀತು. ದಾರಿ ಸವೆದಿತ್ತು, ಅಷ್ಟೆ. ಆದರೆ ಕನ್ನಡದಲ್ಲಿ ಒಂದಿಡೀ ಆಲ್ಬಂ, ಏಳೆಂಟು ನಿಮಿಷದ ಹಾಡುಗಳು, ಸಿನಿಮಾದ ನೆರಳಿಲ್ಲದೆ ಹತ್ತು ವರ್ಷ ಒಟ್ಟಿಗೆ ತಾಲೀಮು ನಡೆಸಿದ ತಂಡ? ಅಂಥದ್ದು ಇನ್ನೂ ಬರಬೇಕಿದೆ. ಷರೀಫರಿದ್ದಾರೆ, ಮಂಟೇಸ್ವಾಮಿ, ಮಾದೇಶ್ವರರ ಕಾವ್ಯಗಳಿವೆ. ರಾತ್ರಿಯಿಡೀ ಹಾಡಿದರೂ ಮುಗಿಯದ ಆ ಕಥನಗಳಿಗಿಂತ ಹೆಚ್ಚಿನ ಸರಕು ಯಾವ ಪ್ರೋಗ್ರೆಸಿವ್ ರಾಕ್ ತಂಡಕ್ಕೆ ಬೇಕು?

ಹೊಸದಾಗಿ ಕೇಳಬೇಕೆನ್ನುವವರು ‘ಬಂದೇ’ಯಿಂದ ಶುರು ಮಾಡಬೇಡಿ. ‘ಕಂದಿಸಾ’ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ, ಹಾಡುಗಳ ಕ್ರಮ ಬದಲಿಸದೆ, ಒಂದೇ ಪಟ್ಟಿಗೆ ಕೂತು ಕೇಳಿ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಬೇಡ. ರಾಹುಲ್ ರಾಮ್ ಅವರ ಬಾಸ್ ಅದರಲ್ಲಿ ಕೇಳಿಸುವುದೇ ಇಲ್ಲ.